ಹಾಸಿಗೆಯಿಂದ ಅಂಗಳಕ್ಕೆ: ಮರೆವು ಮತ್ತು ನಡಿಗೆಯ ಕಥೆ

'ಅರವತ್ತಕ್ಕೆ ಅರುಳು ಮರುಳು' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಈ ಮಾತಿನಲ್ಲಿ ಒಂದಿಷ್ಟು ತಮಾಷೆ ಇದೆ, ಒಂದಿಷ್ಟು ಸಹನೆಯೂ ಇದೆ. ಊಟವಾಗಿ ಅರ್ಧ ಗಂಟೆಯಾಗಿಲ್ಲ, ಅಜ್ಜ ಮತ್ತೆ ತಟ್ಟೆಯ ಮುಂದೆ ಬಂದು ಕೂರುತ್ತಾರೆ. ಅಜ್ಜಿ ಮಗಳನ್ನು ಎಂದೋ ತೀರಿಕೊಂಡ ತಂಗಿಯ ಹೆಸರಿನಿಂದ ಕರೆಯುತ್ತಾರೆ. ಮನೆಯವರು ಈ ಗಾದೆಯನ್ನು ನೆನೆದು ಸುಮ್ಮನಾಗುತ್ತಾರೆ. ಆದರೆ ಗಾದೆಯೊಳಗೆ ಒಂದು ತೀರ್ಪು ಕೂಡ ಅಡಗಿದೆ. ವಯಸ್ಸಾದ ಮೇಲೆ ಬುದ್ಧಿ ಮಂಕಾಗುವುದು ಸಹಜ, ಅದಕ್ಕೆ ಮಾಡುವುದೇನೂ ಇಲ್ಲ ಎಂಬುದೇ ಆ ತೀರ್ಪು.

ಇತ್ತೀಚಿನ ದಶಕಗಳಲ್ಲಿ ಈ ತೀರ್ಪಿನ ಜಾಗಕ್ಕೆ ಇನ್ನೊಂದು ಬಂದು ಕೂತಿದೆ: 'ದಿನಾ ನಡೆಯಿರಿ, ಮರೆವು ಹತ್ತಿರ ಸುಳಿಯುವುದಿಲ್ಲ.' ಆರೋಗ್ಯ ಪುಟಗಳಲ್ಲಿ, ವೈದ್ಯರ ಭಾಷಣಗಳಲ್ಲಿ, ಬೆಳಗಿನ ಹೊತ್ತು ಉದ್ಯಾನದ ಕಲ್ಲುಬೆಂಚುಗಳ ಮೇಲೆ ಈ ಮಾತು ಕೇಳಿಬರುತ್ತದೆ. ಇದು ಆಶಾದಾಯಕವಾದ ಮಾತೇನೋ ನಿಜ. ಆದರೆ ಇದರ ಇನ್ನೊಂದು ಮುಖವನ್ನು ಗಮನಿಸುವವರು ಕಡಿಮೆ. ನಡಿಗೆಯಿಂದ ಮರೆವು ದೂರವಾಗುತ್ತದೆ ಎಂದಾದರೆ, ಮರೆವು ಬಂದವರು ನಡೆಯಲಿಲ್ಲ, ಅಥವಾ ಅವರನ್ನು ಮನೆಯವರು ನಡೆಸಲಿಲ್ಲ ಎಂಬ ಆರೋಪವೂ ಅದರ ಬೆನ್ನಿಗೇ ಬರುತ್ತದೆ. ಎಷ್ಟೋ ಮನೆಗಳಲ್ಲಿ ಮಕ್ಕಳು ಈ ಅಪರಾಧಿ ಭಾವನೆಯನ್ನು ಹೊತ್ತುಕೊಂಡೇ ತಂದೆತಾಯಿಯರ ಆರೈಕೆ ಮಾಡುತ್ತಾರೆ.

ಆದ್ದರಿಂದ ಈ ಸಲಹೆ ಎಲ್ಲಿಂದ ಬಂತು, ಅದರಲ್ಲಿ ಎಷ್ಟು ನಿಜ ಎಂಬುದನ್ನು ತಿಳಿಯುವುದು ಒಳ್ಳೆಯದು. ಅದರ ಹಿಂದೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ವೈದ್ಯರ ಜೊತೆಗೆ ಬಸ್ ಕಂಡಕ್ಟರುಗಳೂ ಇದ್ದಾರೆ, ಇಲಿಗಳೂ ಇವೆ.

ಫ್ರಾಂಕ್‌ಫರ್ಟ್‌ನ ರೋಗಿ

1901ರ ನವೆಂಬರ್ 25ರಂದು ಜರ್ಮನಿಯ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆಗೆ ಆಗುಸ್ಟೆ ಡೇಟರ್ ಎಂಬ 51 ವರ್ಷದ ಗೃಹಿಣಿಯನ್ನು ಸೇರಿಸಲಾಯಿತು. ಆಕೆಗೆ ತನ್ನ ಹೆಸರನ್ನು ಪೂರ್ತಿ ಬರೆಯಲಾಗುತ್ತಿರಲಿಲ್ಲ. ಕಣ್ಣೆದುರು ಹಿಡಿದು ತೋರಿಸಿದ ವಸ್ತು ಕ್ಷಣದಲ್ಲಿ ಮರೆತುಹೋಗುತ್ತಿತ್ತು. ಆಕೆಯನ್ನು ಪರೀಕ್ಷಿಸಿದ ವೈದ್ಯ ಆಲೋಯಿಸ್ ಆಲ್ಜೈಮರ್. 1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಾಗ ಆಲ್ಜೈಮರ್ ಅವಳ ಮಿದುಳನ್ನು ತರಿಸಿಕೊಂಡು ಸೂಕ್ಷ್ಮದರ್ಶಕದಡಿ ನೋಡಿದರು. ನರಕೋಶಗಳ ನಡುವೆ ಕಲೆಗಳೂ, ಕೋಶಗಳ ಒಳಗೆ ಸಿಕ್ಕುಸಿಕ್ಕಾದ ಎಳೆಗಳೂ ಕಂಡವು. ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗನ್ ನಗರದ ಸಭೆಯೊಂದರಲ್ಲಿ ಅವರು ಇದನ್ನು ವಿವರಿಸಿದರು. 1910ರಲ್ಲಿ ಎಮಿಲ್ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಈ ರೋಗಕ್ಕೆ ಆಲ್ಜೈಮರ್ ಅವರ ಹೆಸರನ್ನೇ ಇಟ್ಟರು.

ಇಷ್ಟು ಕಥೆ ಹಲವರಿಗೆ ಗೊತ್ತು. ಆಗುಸ್ಟೆ ಸತ್ತದ್ದು ಹೇಗೆ ಎಂಬುದು ಅಷ್ಟು ಪ್ರಚಾರಕ್ಕೆ ಬಂದಿಲ್ಲ. ಆಕೆಯ ಪ್ರಾಣ ತೆಗೆದದ್ದು ಮಲಗಿ ಮಲಗಿ ಬೆನ್ನಿಗಾದ ಹುಣ್ಣು ಮತ್ತು ಅದರಿಂದ ರಕ್ತಕ್ಕೆ ಹಬ್ಬಿದ ನಂಜು. ಅಂದಿನ ಜರ್ಮನ್ ಆಸ್ಪತ್ರೆಗಳಲ್ಲಿ ಚಡಪಡಿಸುವ ರೋಗಿಗಳಿಗೆ ಗಂಟೆಗಟ್ಟಲೆ ಬೆಚ್ಚಗಿನ ನೀರಿನ ಸ್ನಾನ ಮತ್ತು ಹಾಸಿಗೆಯ ವಿಶ್ರಾಂತಿಯೇ ವಾಡಿಕೆಯ ಚಿಕಿತ್ಸೆಯಾಗಿತ್ತು. ಮರೆವಿನ ರೋಗಕ್ಕೆ ಹೆಸರು ತಂದುಕೊಟ್ಟ ಮೊದಲ ರೋಗಿ ಕೊನೆಗೆ ಬಲಿಯಾದದ್ದು ಹಾಸಿಗೆಗೆ ಎನ್ನಬಹುದು.

ಇನ್ನೊಂದು ವಿಷಯ. ಆಗುಸ್ಟೆಗೆ ವಯಸ್ಸಾಗಿರಲಿಲ್ಲ. ಹೀಗಾಗಿ 'ಆಲ್ಜೈಮರ್ಸ್' ಎಂಬ ಹೆಸರು ಬಹುಕಾಲ ಮುಪ್ಪಿಗೆ ಮೊದಲೇ ಮರೆವು ಬಂದ ಅಪರೂಪದ ರೋಗಿಗಳಿಗೆ ಮಾತ್ರ ಮೀಸಲಾಗಿತ್ತು. ಎಪ್ಪತ್ತು ದಾಟಿದವರ ಮರೆವು ಬರೀ ಮುಪ್ಪು, ಅದು ರೋಗವಲ್ಲ ಎಂದೇ ಪಾಶ್ಚಾತ್ಯ ವೈದ್ಯರೂ ನಂಬಿದ್ದರು. ಅವರದೂ ಒಂದು ರೀತಿಯ 'ಅರುಳು ಮರುಳು' ಸಿದ್ಧಾಂತವೇ. 1968ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಬ್ಲೆಸೆಡ್, ಟಾಮ್ಲಿನ್ಸನ್ ಮತ್ತು ರಾತ್ ಎಂಬ ಮೂವರು, ಅರುಳು ಮರುಳಾಗಿ ಸತ್ತ ವೃದ್ಧರ ಮಿದುಳಿನಲ್ಲೂ ಅದೇ ಕಲೆಗಳನ್ನು ತೋರಿಸಿಕೊಟ್ಟರು. 1976ರಲ್ಲಿ ಅಮೆರಿಕದ ನರತಜ್ಞ ರಾಬರ್ಟ್ ಕಾಟ್ಜ್‌ಮನ್, ಇವೆರಡೂ ಒಂದೇ ರೋಗ, ಇದು ಸಾವಿನ ಪ್ರಮುಖ ಕಾರಣಗಳಲ್ಲೊಂದು ಎಂದು ವಾದಿಸಿದರು. ಮುಪ್ಪಿನ ಮರೆವು ರೋಗವೆನಿಸಿಕೊಂಡದ್ದು ಆ ಮೇಲೆಯೇ. ರೋಗ ಎಂದಾದ ಮೇಲೆ ತಾನೇ ಔಷಧ ಹುಡುಕುವ ಮಾತು?

ಏಳಿ, ಎದ್ದೇಳಿ

ಮುಪ್ಪು ಎಂದರೆ ವಿಶ್ರಾಂತಿ ಎಂಬ ನಂಬಿಕೆ ಎಲ್ಲ ಸಮಾಜಗಳಲ್ಲೂ ಇತ್ತು. ನಮ್ಮ ಆಯುರ್ವೇದವೂ ಇದಕ್ಕೆ ಹೊರತಲ್ಲ. ಸುಮಾರು 7ನೇ ಶತಮಾನದ ವಾಗ್ಭಟನ 'ಅಷ್ಟಾಂಗ ಹೃದಯ' ವ್ಯಾಯಾಮವನ್ನು ಹೊಗಳುತ್ತದೆ. ಬಲಶಾಲಿಗಳು ಕೂಡ ಅರ್ಧ ಶಕ್ತಿಯಷ್ಟೇ ವ್ಯಯಿಸಬೇಕೆಂದು ಮಿತಿಯನ್ನೂ ಹೇಳುತ್ತದೆ. ಆದರೆ ವ್ಯಾಯಾಮ ಮಾಡಬಾರದವರ ಪಟ್ಟಿಯಲ್ಲಿ ಮಕ್ಕಳು ಮತ್ತು ಅಜೀರ್ಣದವರ ಜೊತೆ ವೃದ್ಧರನ್ನೂ ಸೇರಿಸುತ್ತದೆ.

ಈ ನಂಬಿಕೆಗೆ ಆಧುನಿಕ ಕಾಲದಲ್ಲಿ ಮೊದಲ ದೊಡ್ಡ ಪೆಟ್ಟು ಕೊಟ್ಟವರು ಮಾರ್ಜರಿ ವಾರನ್ ಎಂಬ ಬ್ರಿಟಿಷ್ ವೈದ್ಯೆ. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆ ಪಕ್ಕದ ಬಡವರ ಆಸ್ಪತ್ರೆಯೊಂದನ್ನು ವಹಿಸಿಕೊಂಡಿತು. ಅಲ್ಲಿದ್ದ 700ಕ್ಕೂ ಹೆಚ್ಚು ರೋಗಿಗಳಲ್ಲಿ ಬಹುಪಾಲು ವೃದ್ಧರು, ಹಾಸಿಗೆ ಹಿಡಿದವರು. ವಾರನ್ ಒಬ್ಬೊಬ್ಬರನ್ನೂ ಪರೀಕ್ಷಿಸಿದರು. ಹಲವರು ಏಳಲಾಗದೆ ಮಲಗಿದವರಲ್ಲ, ಯಾರೂ ಎಬ್ಬಿಸದೆ ಮಲಗಿದವರು ಎಂಬುದು ಅವರಿಗೆ ಹೊಳೆಯಿತು. ಗೋಡೆಗೆ ಬಣ್ಣ ಬಳಿಸಿದರು, ರೋಗಿಗಳಿಗೆ ಆಸರೆ ಕೊಟ್ಟು ನಿಲ್ಲಿಸಿದರು, ನಡೆಸಿದರು. ವರ್ಷಗಟ್ಟಲೆ ಬಿದ್ದುಕೊಂಡಿದ್ದವರಲ್ಲಿ ಅನೇಕರು ಮನೆಗೆ ಮರಳಿದರು. ಇಂದು ವೃದ್ಧರ ವೈದ್ಯಶಾಸ್ತ್ರ ಎಂದು ಕರೆಯಲಾಗುವ ವಿಭಾಗದ ಹುಟ್ಟು ಇಲ್ಲಿಯದು.

1947ರಲ್ಲಿ ರಿಚರ್ಡ್ ಆಷರ್ ಎಂಬ ಇನ್ನೊಬ್ಬ ಬ್ರಿಟಿಷ್ ವೈದ್ಯರು ಹಾಸಿಗೆಯ ಅಪಾಯಗಳ ಕುರಿತೇ ಒಂದು ಲೇಖನ ಬರೆದರು. ಮಲಗಿದವನ ರಕ್ತ ಹೆಪ್ಪುಗಟ್ಟುತ್ತದೆ, ಮೂಳೆ ಸವೆಯುತ್ತದೆ, ಚರ್ಮ ಹುಣ್ಣಾಗುತ್ತದೆ, ಕೊನೆಗೆ ಮನಸ್ಸೂ ಮಂಕಾಗುತ್ತದೆ ಎಂದು ಅವರು ಒಂದೊಂದಾಗಿ ಎಣಿಸಿದರು. ಚಲನೆಗೂ ಮನಸ್ಸಿಗೂ ಸಂಬಂಧವಿದೆ ಎಂಬ ಮಾತು ಹೀಗೆ ಆಸ್ಪತ್ರೆಯ ವಾರ್ಡಿನಿಂದ ಹೊರಬಂತು.

ಡ್ರೈವರ್ ಮತ್ತು ಕಂಡಕ್ಟರ್

ಬೆಂಗಳೂರಿನ ಹಳೆಯ ತಲೆಮಾರಿನವರಿಗೆ ಡಬ್ಬಲ್ ಡೆಕ್ಕರ್ ಬಸ್ಸುಗಳ ನೆನಪಿದ್ದೇ ಇರುತ್ತದೆ. ಲಂಡನ್ನಿನಲ್ಲಿ ಅಂಥದೇ ಬಸ್ಸುಗಳು ವೈದ್ಯವಿಜ್ಞಾನಕ್ಕೆ ಪ್ರಯೋಗಶಾಲೆಯಾದವು. ಜೆರಿ ಮಾರಿಸ್ ಎಂಬ ವೈದ್ಯರು ಬಸ್ ನೌಕರರ ಕಾಯಿಲೆಯ ಲೆಕ್ಕಗಳನ್ನು ತೆಗೆದರು. ಡ್ರೈವರ್ ಇಡೀ ದಿನ ಕೂತಿರುತ್ತಾನೆ. ಕಂಡಕ್ಟರ್ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುತ್ತಾನೆ. ಇಬ್ಬರಿಗೂ ಬಸ್ಸು, ರಸ್ತೆ ಎಲ್ಲ ಒಂದೇ. ಆದರೆ ಹೃದಯಾಘಾತ ಕಂಡಕ್ಟರುಗಳಿಗೆ ಕಡಿಮೆ, ಆದರೂ ಸಾವಿಗೆ ತಿರುಗುವುದು ಕಡಿಮೆ. 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನ, ವ್ಯಾಯಾಮವನ್ನು ಅಂಕಿಅಂಶಗಳ ಮೂಲಕ ಆರೋಗ್ಯಕ್ಕೆ ತಳಕು ಹಾಕಿದ ಮೊದಲ ದೊಡ್ಡ ಹೆಜ್ಜೆ.

ಮಾರಿಸ್ ಅವರ ದೊಡ್ಡತನ ಇಷ್ಟಕ್ಕೇ ನಿಲ್ಲುವುದಿಲ್ಲ. ತಮ್ಮ ತೀರ್ಮಾನವನ್ನು ತಾವೇ ಅನುಮಾನಿಸಿ, ನೌಕರರ ಸಮವಸ್ತ್ರದ ಅಳತೆಗಳನ್ನು ತರಿಸಿ ನೋಡಿದರು. ಡ್ರೈವರುಗಳ ಪ್ಯಾಂಟಿನ ಸೊಂಟದ ಅಳತೆ ಕೆಲಸಕ್ಕೆ ಸೇರುವಾಗಲೇ ಕಂಡಕ್ಟರುಗಳಿಗಿಂತ ದೊಡ್ಡದಿತ್ತು! 1956ರಲ್ಲಿ ಅವರು ಅದನ್ನೂ ಪ್ರಕಟಿಸಿದರು. ಅಂದರೆ, ಕೂತು ಕೆಲಸ ಮಾಡಿದ್ದರಿಂದ ರೋಗ ಬಂತೇ, ಅಥವಾ ಮೊದಲೇ ರೋಗದ ಒಲವಿದ್ದವರು ಕೂರುವ ಕೆಲಸ ಆರಿಸಿಕೊಂಡರೇ? ಕಾರಣ ಯಾವುದು, ಪರಿಣಾಮ ಯಾವುದು ಎಂಬ ಈ ಪ್ರಶ್ನೆ ಅರವತ್ತು ವರ್ಷಗಳ ನಂತರ ಮರೆವಿನ ಸಂಶೋಧನೆಯನ್ನೂ ಕಾಡಿತು. ಅದು ಮುಂದೆ ಬರುತ್ತದೆ.

ಹೃದಯದಿಂದ ಮಿದುಳಿಗೆ

1975ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ವನೀನ್ ಸ್ಪಿರ್‌ಡೂಸೊ ಒಂದು ಸರಳ ಪರೀಕ್ಷೆ ಮಾಡಿದರು. ದೀಪ ಹೊತ್ತಿದೊಡನೆ ಗುಂಡಿ ಒತ್ತಬೇಕು. ಎಷ್ಟು ಬೇಗ ಒತ್ತುತ್ತಾರೆ ಎಂಬುದೇ ಅಳತೆ. ರ‍್ಯಾಕೆಟ್ ಆಟಗಳನ್ನು ಆಡುತ್ತಲೇ ಬಂದ ಹಿರಿಯರು ಆಡದ ಹಿರಿಯರನ್ನು ಸುಲಭವಾಗಿ ಹಿಂದೆ ಹಾಕಿದರು; ಆಡದ ಯುವಕರ ಸಮೀಪಕ್ಕೆ ಬಂದರು. 1984ರಲ್ಲಿ ಸಾಲ್ಟ್ ಲೇಕ್ ಸಿಟಿಯ ರಾಬರ್ಟ್ ಡಸ್ಟ್‌ಮನ್ ಒಂದು ಹೆಜ್ಜೆ ಮುಂದೆ ಹೋಗಿ, ಕೂತೇ ಇರುತ್ತಿದ್ದ ಹಿರಿಯರಿಗೆ 4 ತಿಂಗಳು ಬಿರುಸು ನಡಿಗೆಯ ತರಬೇತಿ ಕೊಟ್ಟರು. ಅವರ ಬುದ್ಧಿಪರೀಕ್ಷೆಯ ಅಂಕಗಳು ಏರಿದವು.

ಸಂತೋಷ ಬಹಳ ದಿನ ಉಳಿಯಲಿಲ್ಲ. 1989ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂತಾಲ್ ಮತ್ತು ಸಂಗಡಿಗರು 101 ಹಿರಿಯರನ್ನು ಮೂರು ಗುಂಪು ಮಾಡಿ ಇದನ್ನೇ ಪರೀಕ್ಷಿಸಿದರು. ಒಂದು ಗುಂಪಿಗೆ ಉಸಿರು ಏರಿಸುವ ವ್ಯಾಯಾಮ, ಇನ್ನೊಂದಕ್ಕೆ ಯೋಗ, ಮೂರನೆಯದಕ್ಕೆ ಏನೂ ಇಲ್ಲ. ನಾಲ್ಕು ತಿಂಗಳ ಕೊನೆಗೆ ವ್ಯಾಯಾಮದ ಗುಂಪಿನ ದೇಹ ಗಟ್ಟಿಯಾಯಿತು. ಬುದ್ಧಿಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಲಾಭವೇನೂ ಕಾಣಲಿಲ್ಲ.

ಗಾಲಿ ಓಡಿಸಿದ ಇಲಿಗಳು

ಈ ನಡುವೆ ಮಿದುಳಿನ ಬಗೆಗಿನ ತಿಳಿವಳಿಕೆಯೇ ಬದಲಾಗತೊಡಗಿತ್ತು. ಬೆಳೆದ ಮನುಷ್ಯನ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟುವುದಿಲ್ಲ, ಸತ್ತದ್ದು ಸತ್ತಂತೆಯೇ ಎಂಬುದು 20ನೇ ಶತಮಾನದ ಆರಂಭದಲ್ಲಿ ಸ್ಪೇನಿನ ವಿಜ್ಞಾನಿ ರಮೋನ್ ಇ ಕಹಾಲ್ ಅವರಿಂದ ಬಂದ ನಿಲುವು. 1960ರ ದಶಕದಲ್ಲಿ ಜೋಸೆಫ್ ಆಲ್ಟ್‌ಮನ್ ಬೆಳೆದ ಇಲಿಗಳ ಮಿದುಳಿನಲ್ಲಿ ಹೊಸ ಕೋಶಗಳನ್ನು ಕಂಡೆನೆಂದಾಗ ಕಿವಿಗೊಟ್ಟವರು ಕಡಿಮೆ.

1995ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಲ್ ಕಾಟ್ಮನ್ ಅವರ ತಂಡ, ಗಾಲಿಯೊಳಗೆ ಓಡುವ ಇಲಿಗಳ ಮಿದುಳಿನಲ್ಲಿ 'ಬಿಡಿಎನ್ಎಫ್' ಎಂಬ ವಸ್ತುವಿನ ತಯಾರಿ ಹೆಚ್ಚುತ್ತದೆ ಎಂದು ತೋರಿಸಿತು. ಇದು ನರಕೋಶಗಳಿಗೆ ಗೊಬ್ಬರವಿದ್ದಂತೆ. ಆಶ್ಚರ್ಯವೆಂದರೆ, ಈ ಹೆಚ್ಚಳ ಕಂಡ ಜಾಗಗಳಲ್ಲಿ ಹಿಪೊಕ್ಯಾಂಪಸ್ ಕೂಡ ಒಂದು. ಹೊಸ ನೆನಪುಗಳು ರೂಪುಗೊಳ್ಳುವುದು ಅಲ್ಲಿಯೇ. ಆಲ್ಜೈಮರ್ಸ್ ಮೊದಮೊದಲು ಕೈಯಿಡುವ ಜಾಗಗಳಲ್ಲೂ ಅದು ಸೇರಿದೆ. 1998ರಲ್ಲಿ ಪೀಟರ್ ಎರಿಕ್‌ಸನ್ ಮತ್ತು ಫ್ರೆಡ್ ಗೇಜ್ ಮನುಷ್ಯರ ಹಿಪೊಕ್ಯಾಂಪಸ್‌ನಲ್ಲಿ ಹೊಸ ಕೋಶಗಳ ಗುರುತು ಕಂಡರು. 1999ರಲ್ಲಿ ಗೇಜ್ ಅವರ ಪ್ರಯೋಗಶಾಲೆಯ ಹೆನ್ರಿಯೆಟ್ ವಾನ್ ಪ್ರಾಗ್, ಗಾಲಿ ಓಡಿಸುವ ಇಲಿಗಳಲ್ಲಿ ಇಂಥ ಕೋಶಗಳು ಹೆಚ್ಚು ಹುಟ್ಟುತ್ತವೆ, ಅವು ಕಲಿಯುವುದೂ ಚುರುಕಾಗುತ್ತದೆ ಎಂದು ತೋರಿಸಿದರು. ಮನುಷ್ಯರ ವಿಷಯದಲ್ಲಿ ಈ ಹೊಸ ಕೋಶಗಳ ಪ್ರಮಾಣವೆಷ್ಟು ಎಂಬ ವಾದ ಇನ್ನೂ ಮುಗಿದಿಲ್ಲವೆಂಬುದು ಬೇರೆ ಮಾತು.

ಅದೇ 1999ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಆರ್ಥರ್ ಕ್ರೇಮರ್ 60ರಿಂದ 75 ವಯಸ್ಸಿನ 124 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಡಿಗೆ, ಇನ್ನೊಂದಕ್ಕೆ ಕೈಕಾಲು ಹಿಗ್ಗಿಸುವ ಲಘು ವ್ಯಾಯಾಮ ಕೊಟ್ಟರು. ಆರು ತಿಂಗಳ ನಂತರ ನಡೆದವರು ಕೆಲವು ಪರೀಕ್ಷೆಗಳಲ್ಲಿ ಮುಂದಿದ್ದರು. ಎಲ್ಲದರಲ್ಲೂ ಅಲ್ಲ. ಒಂದು ಕೆಲಸದಿಂದ ಇನ್ನೊಂದಕ್ಕೆ ಗಮನ ಬದಲಿಸುವುದು, ಬೇಡದ್ದನ್ನು ಬದಿಗೆ ಸರಿಸುವುದು ಮುಂತಾದ, ಮಿದುಳಿನ ಯಜಮಾನಿಕೆ ಎನ್ನಬಹುದಾದ ಕೆಲಸಗಳಲ್ಲಿ ಮಾತ್ರ. 2011ರಲ್ಲಿ ಕ್ರೇಮರ್ ಮತ್ತು ಕರ್ಕ್ ಎರಿಕ್‌ಸನ್ 120 ಹಿರಿಯರ ಮೇಲೆ ನಡೆಸಿದ ಪ್ರಯೋಗ ಇನ್ನೂ ಹೆಸರಾಯಿತು. ವರ್ಷಪೂರ್ತಿ, ವಾರಕ್ಕೆ 3 ದಿನ, 40 ನಿಮಿಷ ನಡೆದವರ ಹಿಪೊಕ್ಯಾಂಪಸ್ ಶೇ 2ರಷ್ಟು ಹಿಗ್ಗಿತ್ತು. ನಡೆಯದವರದು ಸುಮಾರು ಶೇ 1.4ರಷ್ಟು ಕುಗ್ಗಿತ್ತು. ಜಗತ್ತಿನ ಪತ್ರಿಕೆಗಳೆಲ್ಲ ಇದನ್ನು ಬರೆದವು. ಉದ್ಯಾನದ ಬೆಂಚಿನ ಮೇಲೆ ಕೇಳಿಬರುವ ಮಾತಿಗೆ ಬಲ ಬಂದದ್ದು ಹೀಗೆ.

ಮರೆವು ಆಗಲೇ ಶುರುವಾಗಿದ್ದರೆ?

ಇಲ್ಲಿಯವರೆಗೆ ಹೇಳಿದ್ದೆಲ್ಲ ಬುದ್ಧಿ ಸ್ವಸ್ಥವಾಗಿದ್ದ ಹಿರಿಯರ ಮಾತು. ಮರೆವು ಆಗಲೇ ಕಾಲಿಟ್ಟವರ ಗತಿಯೇನು? ಇವರಲ್ಲೂ ಎರಡು ಹಂತಗಳಿವೆ. 1999ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ರೊನಾಲ್ಡ್ ಪೀಟರ್‌ಸನ್ ಒಂದು ನಡುಮನೆಯ ಹಂತವನ್ನು ಸ್ಪಷ್ಟವಾಗಿ ವಿವರಿಸಿದರು. ನೆನಪು ವಯಸ್ಸಿಗೆ ಮೀರಿ ಕುಂದಿದೆ, ಆದರೆ ಬ್ಯಾಂಕು, ಅಡುಗೆ, ಸ್ನಾನ ಎಲ್ಲವನ್ನೂ ಸ್ವತಃ ನಿಭಾಯಿಸಬಲ್ಲರು. ಅಂಥವರದು ಅಲ್ಪ ಪ್ರಮಾಣದ ಗ್ರಹಣಶಕ್ತಿಯ ಕುಂದು. ದಿನನಿತ್ಯದ ಬದುಕೇ ಇನ್ನೊಬ್ಬರ ಆಸರೆ ಬೇಡತೊಡಗಿದರೆ ಅದು ಡಿಮೆನ್ಷಿಯಾ. ಮೊದಲ ಹಂತದವರೆಲ್ಲ ಎರಡನೆಯದಕ್ಕೆ ಜಾರುವುದಿಲ್ಲ. ಕೆಲವರು ವರ್ಷಗಟ್ಟಲೆ ಅಲ್ಲೇ ನಿಲ್ಲುತ್ತಾರೆ.

ಈ ನಡುಮನೆಯವರಿಗೆ ವ್ಯಾಯಾಮದಿಂದ ಪ್ರಯೋಜನವಿದೆ ಎಂಬ ಭರವಸೆಯನ್ನು ಆಸ್ಟ್ರೇಲಿಯಾದ ಪರ್ತ್ ನಗರದ ಪ್ರಯೋಗ ಕೊಟ್ಟಿತು. ನಿಕೋಲಾ ಲೌಟೆನ್‌ಶ್ಲೇಗರ್ ನೇತೃತ್ವದಲ್ಲಿ, ನೆನಪು ಕುಂದಿದೆಯೆಂದು ಹೇಳಿಕೊಂಡ 170 ಮಂದಿ ಇದರಲ್ಲಿ ಸೇರಿದ್ದರು. ಅರ್ಧ ಜನ 24 ವಾರ ಮನೆಯಲ್ಲೇ ಇದ್ದು ವಾರಕ್ಕೆ 150 ನಿಮಿಷ, ಹೆಚ್ಚಾಗಿ ನಡಿಗೆ, ಮಾಡುವ ಗುರಿ. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನಡೆದವರ ಅಂಕ ಸ್ವಲ್ಪ ಉತ್ತಮವಾಗಿತ್ತು. ಕಾರ್ಯಕ್ರಮ ಮುಗಿದು ವರ್ಷವಾದ ಮೇಲೂ ಅದರ ಸುಳಿವು ಉಳಿದಿತ್ತು. ವ್ಯತ್ಯಾಸ ಚಿಕ್ಕದು, ಆದರೆ ಯಾವ ಮಾತ್ರೆಯೂ ನುಂಗದೆ ಬಂದದ್ದು.

2010ರಲ್ಲಿ ಲಾರಾ ಬೇಕರ್ ಅವರು 33 ಮಂದಿಯ ಸಣ್ಣ ಪ್ರಯೋಗದಲ್ಲಿ, ಬಿರುಸಿನ ವ್ಯಾಯಾಮದ ಲಾಭ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಕಾಣುತ್ತದೆ ಎಂದರು. 2012ರಲ್ಲಿ ಕೆನಡಾದ ವ್ಯಾಂಕೂವರ್‌ನ ಸಂಶೋಧಕರು 70ರಿಂದ 80 ವಯಸ್ಸಿನ 86 ಹೆಂಗಸರಲ್ಲಿ ಭಾರ ಎತ್ತುವ ವ್ಯಾಯಾಮಕ್ಕೂ ಫಲವಿದೆ ಎಂದು ವರದಿ ಮಾಡಿದರು.

ತಿರುಗುಬಾಣ

ಪ್ರಯೋಗಗಳು ದೊಡ್ಡದಾಗುತ್ತ ಹೋದಂತೆ ಚಿತ್ರ ಬದಲಾಯಿತು. 2015ರಲ್ಲಿ ಪ್ರಕಟವಾದ ಅಮೆರಿಕದ 'ಲೈಫ್' ಪ್ರಯೋಗದಲ್ಲಿ 70ರಿಂದ 89 ವಯಸ್ಸಿನ 1635 ಮಂದಿ ಇದ್ದರು. ಎರಡು ವರ್ಷ ವ್ಯಾಯಾಮ ಮಾಡಿದವರಿಗೂ ಆರೋಗ್ಯದ ಪಾಠ ಮಾತ್ರ ಕೇಳಿದವರಿಗೂ ಒಟ್ಟಾರೆ ಬುದ್ಧಿಶಕ್ತಿಯಲ್ಲಿ ಅಂತರವಿರಲಿಲ್ಲ.

2017ರಲ್ಲಿ ಮಾರಿಸ್ ಅವರ ಪ್ಯಾಂಟಿನ ಅಳತೆಯ ಪ್ರಶ್ನೆ ಮರಳಿ ಬಂತು. ಲಂಡನ್ನಿನ 10,308 ಸರ್ಕಾರಿ ನೌಕರರನ್ನು ನಡುವಯಸ್ಸಿನಿಂದ ಸುಮಾರು 28 ವರ್ಷ ಹಿಂಬಾಲಿಸಿದ 'ವೈಟ್‌ಹಾಲ್' ಅಧ್ಯಯನದ ಫಲಿತಾಂಶ ಹೊರಬಂತು. ನಡುವಯಸ್ಸಿನಲ್ಲಿ ಹೆಚ್ಚು ಚಟುವಟಿಕೆಯಿಂದ ಇದ್ದವರಿಗೆ ಮುಂದೆ ಡಿಮೆನ್ಷಿಯಾ ಕಡಿಮೆ ಎಂಬುದಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ಬದಲಿಗೆ ಬೇರೊಂದು ಸಂಗತಿ ಕಂಡಿತು. ಡಿಮೆನ್ಷಿಯಾ ಪತ್ತೆಯಾಗುವ ಸುಮಾರು 9 ವರ್ಷ ಮೊದಲೇ ಅಂಥವರ ಓಡಾಟ ತಗ್ಗತೊಡಗಿತ್ತು.

ಇದರ ಅರ್ಥ ಗಂಭೀರವಾದದ್ದು. ಮಿದುಳಿನ ರೋಗ ಹೊರಗೆ ಕಾಣುವ ಎಷ್ಟೋ ವರ್ಷ ಮೊದಲೇ ಒಳಗೆ ಆರಂಭವಾಗಿರುತ್ತದೆ. ಉತ್ಸಾಹ ಕುಂದುವುದು, ಮನೆ ಬಿಟ್ಟು ಹೊರಡಲು ಮನಸ್ಸಾಗದಿರುವುದು ಆ ರೋಗದ ಮೊದಲ ಲಕ್ಷಣವೇ ಆಗಿರಬಹುದು. ಆಮೇಲೆ ಲೆಕ್ಕ ಹಾಕುವವರಿಗೆ 'ನಡೆಯದವರಿಗೆ ಮರೆವು ಬಂತು' ಎಂದು ತೋರುತ್ತದೆ. ನಿಜವಾಗಿ ಮರೆವು ಬರತೊಡಗಿದ್ದರಿಂದಲೇ ಅವರು ನಡೆಯುವುದನ್ನು ಬಿಟ್ಟಿರಬಹುದು. ತಂದೆ ಬೆಳಗಿನ ತಿರುಗಾಟ ನಿಲ್ಲಿಸಿದ್ದಕ್ಕೇ ಹೀಗಾಯಿತು ಎಂದು ಕೊರಗುವ ಮಕ್ಕಳು ನೆನಪಿಡಬೇಕಾದ ಮಾತಿದು.

2018ರಲ್ಲಿ ಇಂಗ್ಲೆಂಡಿನ 'ಡಾಪಾ' ಪ್ರಯೋಗ ಇನ್ನೂ ಕಟುವಾದ ಉತ್ತರ ಕೊಟ್ಟಿತು. ಡಿಮೆನ್ಷಿಯಾ ಖಚಿತವಾಗಿದ್ದ 494 ಮಂದಿಯಲ್ಲಿ 329 ಜನರಿಗೆ 4 ತಿಂಗಳು, ವಾರಕ್ಕೆ ಎರಡು ಸಲ ಜಿಮ್‌ನಲ್ಲಿ ಬಿರುಸಾದ ವ್ಯಾಯಾಮ, ಜೊತೆಗೆ ಮನೆಯಲ್ಲೂ ಅಭ್ಯಾಸ. ಅವರ ದೇಹಶಕ್ತಿ ಹೆಚ್ಚಿತು, ಆರು ನಿಮಿಷದಲ್ಲಿ ಹೆಚ್ಚು ದೂರ ನಡೆಯಬಲ್ಲವರಾದರು. ಆದರೆ ವರ್ಷದ ಕೊನೆಗೆ ಬುದ್ಧಿಪರೀಕ್ಷೆಯಲ್ಲಿ ಅವರ ಸ್ಥಿತಿ ವ್ಯಾಯಾಮ ಮಾಡದವರಿಗಿಂತ ತುಸು ಕೆಳಗೇ ಇತ್ತು. ಅಂತರ ಅತ್ಯಲ್ಪ, ಬದುಕಿನಲ್ಲಿ ಅದು ಗೊತ್ತಾಗುವಷ್ಟು ದೊಡ್ಡದೋ ಎಂಬುದೇ ಅನುಮಾನ. ಆದರೂ ಒಂದಂತೂ ಖಚಿತವಾಯಿತು: ಡಿಮೆನ್ಷಿಯಾ ಬಲಿತ ಮೇಲೆ ಬೆವರಿಳಿಸಿ ನೆನಪನ್ನು ಮರಳಿ ತರಲಾಗದು.

ಹಾಗಾದರೆ ನಡೆಯುವುದೇ ಬೇಡವೇ?

ಈ ತೀರ್ಮಾನಕ್ಕೆ ಬಂದರೆ ಅದೂ ತಪ್ಪೇ. ಇಷ್ಟು ವರ್ಷ ಕೇಳುತ್ತ ಬಂದ ಪ್ರಶ್ನೆ 'ನೆನಪು ಮರಳುತ್ತದೆಯೇ' ಎಂಬುದು. ಕೇಳಬೇಕಾದ ಪ್ರಶ್ನೆ ಇನ್ನೂ ಒಂದಿದೆ: 'ಉಳಿದದ್ದನ್ನು ಎಷ್ಟು ಕಾಲ ಉಳಿಸಿಕೊಳ್ಳಬಹುದು?'

2003ರಲ್ಲಿ ಸಿಯಾಟಲ್‌ನ ಲಿಂಡಾ ಟೆರಿ 153 ಆಲ್ಜೈಮರ್ಸ್ ರೋಗಿಗಳ ಜೊತೆ ಅವರ ಆರೈಕೆ ಮಾಡುವವರಿಗೂ ತರಬೇತಿ ಕೊಟ್ಟರು. ರೋಗಿಯನ್ನು ಮನೆಯಲ್ಲೇ ಹೇಗೆ ವ್ಯಾಯಾಮಕ್ಕೆ ಹಚ್ಚುವುದು, ಸಿಟ್ಟು ಹಟಗಳನ್ನು ಹೇಗೆ ನಿಭಾಯಿಸುವುದು ಎಂಬುದು ಆ ಪಾಠ. ಆ ರೋಗಿಗಳ ದೈಹಿಕ ಸ್ಥಿತಿ ಮತ್ತು ಮನಸ್ಸಿನ ಖಿನ್ನತೆ ಎರಡೂ ಉಳಿದವರಿಗಿಂತ ಉತ್ತಮವಾಗಿದ್ದವು. 2007ರಲ್ಲಿ ಫ್ರಾನ್ಸಿನ ಟುಲೂಸ್ ಸುತ್ತಿನ ವೃದ್ಧಾಶ್ರಮಗಳ 134 ರೋಗಿಗಳಲ್ಲಿ ವಾರಕ್ಕೆ ಎರಡು ಗಂಟೆಯ ಸರಳ ವ್ಯಾಯಾಮದಿಂದ, ಉಣ್ಣುವ, ಉಡುವ, ಸ್ನಾನ ಮಾಡುವ ಶಕ್ತಿ ಕುಂದುವ ವೇಗ ತಗ್ಗಿತು. 17 ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2015ರ ಕಾಕ್ರೇನ್ ಪರಾಮರ್ಶೆಯೂ ಹೆಚ್ಚುಕಡಿಮೆ ಇದನ್ನೇ ಹೇಳಿತು: ಡಿಮೆನ್ಷಿಯಾ ರೋಗಿಗಳ ಬುದ್ಧಿಶಕ್ತಿಗೆ ಲಾಭವಿದೆ ಎನ್ನಲು ಆಧಾರವಿಲ್ಲ; ದಿನನಿತ್ಯದ ಕೆಲಸ ಮಾಡಿಕೊಳ್ಳುವ ಶಕ್ತಿಗೆ ಲಾಭ ಇರುವಂತಿದೆ.

ಓದಲು ಇದು ಸಣ್ಣ ವಿಷಯ. ಆರೈಕೆ ಮಾಡಿದವರನ್ನು ಕೇಳಿದರೆ ಗೊತ್ತಾಗುತ್ತದೆ, ತಾಯಿ ತಾನೇ ಎದ್ದು ಬಚ್ಚಲುಮನೆಗೆ ಹೋಗುವುದಕ್ಕೂ, ಇಬ್ಬರು ಎತ್ತಿ ಒಯ್ಯಬೇಕಾಗುವುದಕ್ಕೂ ಇರುವ ಅಂತರ ಎಂಥದೆಂದು. ಮಗಳ ಹೆಸರು ಮರೆತ ತಾಯಿಗೂ ತನ್ನ ಕಾಲ ಮೇಲೆ ನಿಲ್ಲುವ ಮರ್ಯಾದೆ ಬೇಕು.

ನಡುಮನೆಯ ಹಂತದವರ ಬಗ್ಗೆ ಇನ್ನೊಂದು ಕುತೂಹಲದ ಸಂಗತಿ 2022ರಲ್ಲಿ ಹೊರಬಂತು. ಅಮೆರಿಕದ 'ಎಕ್ಸರ್ಟ್' ಪ್ರಯೋಗದಲ್ಲಿ 296 ಮಂದಿ ಇದ್ದರು. ಅರ್ಧ ಜನಕ್ಕೆ ಬಿರುಸಿನ ವ್ಯಾಯಾಮ, ಅರ್ಧ ಜನಕ್ಕೆ ಕೈಕಾಲು ಹಿಗ್ಗಿಸುವುದು, ಸಮತೋಲ ಕಾಯುವುದು ಇಷ್ಟೇ. ವರ್ಷದ ನಂತರ ಎರಡು ಗುಂಪುಗಳ ನಡುವೆ ಅಂತರವಿಲ್ಲ. ಆದರೆ ಈ ಹಂತದವರಲ್ಲಿ ಸಾಮಾನ್ಯವಾಗಿ ಕಾಣುವ ಇಳಿಕೆ ಎರಡರಲ್ಲೂ ಇರಲಿಲ್ಲ! ಯಾವ ವ್ಯಾಯಾಮವೂ ಇಲ್ಲದ ಮೂರನೆಯ ಗುಂಪು ಆ ಪ್ರಯೋಗದಲ್ಲಿ ಇಲ್ಲದಿದ್ದುದರಿಂದ ಇದನ್ನು ಸಾಬೀತಾದ ಮಾತೆನ್ನಲಾಗದು. ಆದರೂ, ವಾರಕ್ಕೆ ಹಲವು ಸಲ ಮನೆಯಿಂದ ಹೊರಬೀಳುವುದು, ತರಬೇತುದಾರರೊಂದಿಗೆ ನಾಲ್ಕು ಮಾತಾಡುವುದು, ತನಗಾಗಿ ಯಾರೋ ಕಾಯುತ್ತಿದ್ದಾರೆ ಎಂಬ ಅರಿವು, ಇವೂ ಮದ್ದಿನ ಭಾಗವೇ ಇರಬಹುದು ಎಂಬ ಊಹೆಗೆ ಇದು ಎಡೆ ಮಾಡಿತು.

ವ್ಯಾಯಾಮವನ್ನು ಒಂಟಿಯಾಗಿ ನೋಡದೆ ಬದುಕಿನ ರೀತಿಯ ಭಾಗವಾಗಿ ನೋಡಿದ ಪ್ರಯೋಗಗಳೂ ಇವೆ. ಫಿನ್ಲೆಂಡಿನ ಮಿಯಾ ಕಿವಿಪೆಲ್ಟೊ ಅವರ 'ಫಿಂಗರ್' ಪ್ರಯೋಗದಲ್ಲಿ ಅಪಾಯದ ಅಂಚಿನಲ್ಲಿದ್ದ 1260 ಮಂದಿಗೆ ವ್ಯಾಯಾಮ, ಆಹಾರ, ಬುದ್ಧಿಗೆ ಕಸರತ್ತು, ರಕ್ತದೊತ್ತಡದ ಮೇಲೆ ನಿಗಾ ಎಲ್ಲವನ್ನೂ ಸೇರಿಸಿ 2 ವರ್ಷ ಪರೀಕ್ಷಿಸಲಾಯಿತು. 2015ರಲ್ಲಿ ಬಂದ ಫಲಿತಾಂಶ ಆಶಾದಾಯಕವಾಗಿತ್ತು. 2025ರಲ್ಲಿ ಪ್ರಕಟವಾದ, 2111 ಮಂದಿಯ ಅಮೆರಿಕದ 'ಪಾಯಿಂಟರ್' ಪ್ರಯೋಗವೂ ಅದೇ ದಾರಿಯಲ್ಲಿ ಲಾಭ ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ ತನ್ನ 2019ರ ಮಾರ್ಗಸೂಚಿಯಲ್ಲಿ ಬುದ್ಧಿ ಸ್ವಸ್ಥವಿರುವವರಿಗೆ ವ್ಯಾಯಾಮವನ್ನು ಒತ್ತಿ ಶಿಫಾರಸು ಮಾಡಿದರೆ, ನಡುಮನೆಯವರಿಗೆ ಷರತ್ತಿನೊಂದಿಗೆ ಮಾತ್ರ ಹೇಳಿರುವುದು ಗಮನಾರ್ಹ.

ನಮ್ಮ ಹಳ್ಳಿಗಳ ಲೆಕ್ಕ

ಈ ಪ್ರಯೋಗಗಳಲ್ಲಿ ಹೆಚ್ಚಿನವು ಕುರ್ಚಿಯ ಮೇಲೆ ಬದುಕು ಕಳೆದ ಶ್ರೀಮಂತ ದೇಶಗಳ ಜನರ ಮೇಲೆ ನಡೆದವು ಎಂಬುದನ್ನು ಮರೆಯಬಾರದು. ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಇದರ ಪ್ರಮಾಣ ಹೆಚ್ಚು. ಜೀವಮಾನವಿಡೀ ನೀರು ಹೊತ್ತು, ಕಳೆ ಕಿತ್ತು, ಮೈಲಿಗಟ್ಟಲೆ ನಡೆದವರಲ್ಲೇ ಮರೆವು ಹೆಚ್ಚು ಎಂದರೆ, ಮೈ ಬೆವರಿದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲವೆಂದು ಸ್ಪಷ್ಟ. ಶಾಲೆಯ ಮುಖ ನೋಡದಿರುವುದು ಇಲ್ಲಿ ದೊಡ್ಡ ಅಂಶ. ಹಿಡಿತಕ್ಕೆ ಬಾರದ ರಕ್ತದೊತ್ತಡ, ಮಧುಮೇಹ, ಮಂದವಾದ ಕಿವಿ, ಒಂಟಿತನ ಇವುಗಳೂ ಅಪಾಯವನ್ನು ಹೆಚ್ಚಿಸುತ್ತವೆ.

ನಮ್ಮ ಜನರ ಕಥೆಯನ್ನು ನಮ್ಮ ಜನರಲ್ಲೇ ಓದುವ ಪ್ರಯತ್ನ ಕರ್ನಾಟಕದಲ್ಲಿ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯನ್ನು ವರ್ಷಗಳ ಕಾಲ ಹಿಂಬಾಲಿಸುವ ಅಧ್ಯಯನವನ್ನು 2018ರಲ್ಲಿ ಆರಂಭಿಸಿತು. ಹೊಲದ ದುಡಿಮೆ, ರಾಗಿಯ ಊಟ, ಕೂಡುಕುಟುಂಬ ಇವುಗಳ ನಡುವೆ ಮಿದುಳು ಹೇಗೆ ಮುಪ್ಪಾಗುತ್ತದೆ ಎಂಬುದಕ್ಕೆ ಪರ್ತ್ ಅಥವಾ ಸಿಯಾಟಲ್ ಉತ್ತರ ಹೇಳಲಾರವು, ಶ್ರೀನಿವಾಸಪುರ ಹೇಳಬಹುದು.

ಅಲ್ಲಿಯವರೆಗೆ, ನೂರು ವರ್ಷಗಳ ಈ ಚರಿತ್ರೆಯಿಂದ ಮನೆಯವರು ತೆಗೆದುಕೊಳ್ಳಬಹುದಾದ ಪಾಠ ದೊಡ್ಡದೇನಲ್ಲ. ಮರೆವು ಬಂದವರ ಕೈಹಿಡಿದು ಸಂಜೆ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿಸಿ. ಕಾಲಿಗೆ ಜಾರದ ಚಪ್ಪಲಿ ಇರಲಿ, ಜೊತೆಗೆ ಒಬ್ಬರಿರಲಿ, ಆಯಾಸವಾದರೆ ಕೂರಲು ಜಾಗವಿರಲಿ. ಹೃದ್ರೋಗ ಅಥವಾ ಬೀಳುವ ಭಯವಿದ್ದರೆ ವೈದ್ಯರನ್ನು ಕೇಳಿ ಆರಂಭಿಸಿ. ಅದರಿಂದ ಮರೆತ ಹೆಸರುಗಳು ಮರಳಿ ಬರಲಾರವು. ಬರಲಿಲ್ಲವೆಂದು ನಡೆಸಿದವರಾಗಲೀ ನಡೆದವರಾಗಲೀ ತಪ್ಪಿತಸ್ಥರಲ್ಲ. ಆದರೆ ರಾತ್ರಿ ನಿದ್ದೆ ಬಂದೀತು, ಕಾಲಿನ ಕಸುವು ಉಳಿದೀತು, ಹಾಸಿಗೆ ಹಿಡಿಯುವ ದಿನ ಮುಂದೆ ಹೋದೀತು. ಫ್ರಾಂಕ್‌ಫರ್ಟ್‌ನ ಆಗುಸ್ಟೆಗೆ ಸಿಗದೆ ಹೋದದ್ದು ಅಷ್ಟೇ.